ಹೇಗ್‌ನ ವಾರಂಟಿಗೆ ಪೇದೆ ಯಾರು?

2025ರ ಡಿಸೆಂಬರ್ 4ರಂದು ರಷ್ಯಾ ಅಧ್ಯಕ್ಷ ವ್ಲಾದಿಮಿರ್ ಪುಟಿನ್ ದೆಹಲಿಗೆ ಬಂದರು, ಮರುದಿನ ಮಾತುಕತೆ ಮುಗಿಸಿ ಹೊರಟರು. ಟಿವಿಯಲ್ಲಿ ಅದನ್ನು ನೋಡಿದ ಚಿಂತಾಮಣಿ, ಶಿಡ್ಲಘಟ್ಟ ಕಡೆಯ ಟೀ ಅಂಗಡಿಗಳಲ್ಲಿ ಎದ್ದ ಪ್ರಶ್ನೆ ಒಂದೇ: “ಅಲ್ಲ ಸಾರ್, ಆಯಪ್ಪನ ಮೇಲೆ ಅರೆಸ್ಟ್ ವಾರಂಟ್ ಐತಂತಲ್ಲ, ಯಾಕ್ ಹಿಡೀಲಿಲ್ಲ?” ಆ ವಾರಂಟ್ ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ, ಅಂದರೆ ಐಸಿಸಿ, 2023ರಲ್ಲಿ ಹೊರಡಿಸಿದ್ದು. ಪ್ರಶ್ನೆ ನೆಟ್ಟಗಿದೆ. ಉತ್ತರ ಅರ್ಧ ಕಾನೂನು ಪುಸ್ತಕದಲ್ಲಿದೆ, ಇನ್ನರ್ಧ ಪೊಲೀಸ್ ಠಾಣೆಯಲ್ಲಿದೆ.

ಠಾಣೆಯಿಂದಲೇ ಶುರು ಮಾಡೋಣ. ಚಿಂತಾಮಣಿಯ ಮ್ಯಾಜಿಸ್ಟ್ರೇಟ್ (ಜೆಎಂಎಫ್‌ಸಿ) ಕೋರ್ಟು ಒಬ್ಬ ಆರೋಪಿಗೆ ಜಾಮೀನುರಹಿತ ವಾರಂಟ್ (ಎನ್‌ಬಿಡಬ್ಲ್ಯೂ) ಹೊರಡಿಸಿತು ಅನ್ನಿ. ಆ ಹಾಳೆ ತಾನೇ ನಡೆದುಕೊಂಡು ಹೋಗಿ ಯಾರನ್ನೂ ಹಿಡಿಯುವುದಿಲ್ಲ. ಅದು ಠಾಣೆಗೆ ಹೋಗಬೇಕು, ವಾರಂಟ್ ನೋಡಿಕೊಳ್ಳುವ ಪೇದೆ ಆಸಾಮಿಯ ಮನೆ ಬಾಗಿಲು ತಟ್ಟಬೇಕು. ಸಿಕ್ಕರೆ ಕೋರ್ಟಿಗೆ ಹಾಜರು, ಇಲ್ಲವಾದರೆ “ಆಸಾಮಿ ಮನೆಯಲ್ಲಿ ಸಿಗಲಿಲ್ಲ” ಎಂಬ ಷರಾ ಬರೆಸಿಕೊಂಡು ವಾಪಸ್. ಮತ್ತೆ ವಾಯಿದೆ, ಮತ್ತೆ ವಾರಂಟ್. ತಲೆಮರೆಸಿಕೊಂಡಿದ್ದಾನೆ ಎಂದಾದರೆ ಹೊಸ ದಂಡ ಪ್ರಕ್ರಿಯೆ ಕಾನೂನಾದ ಬಿಎನ್‌ಎಸ್‌ಎಸ್‌ನ 84ನೇ ಕಲಮಿನ ಉದ್ಘೋಷಣೆ, 85ನೇ ಕಲಮಿನಲ್ಲಿ ಆಸ್ತಿ ಜಪ್ತಿ. ಇಷ್ಟೆಲ್ಲ ಏರ್ಪಾಡು ಇದ್ದೂ ಎಷ್ಟು ಕೇಸುಗಳು ಎಲ್‌ಪಿಸಿ (ದೀರ್ಘಕಾಲ ಬಾಕಿ ಉಳಿದ ಕೇಸು) ರಿಜಿಸ್ಟರ್ ಸೇರಿ ಧೂಳು ತಿನ್ನುತ್ತವೆ ಎಂಬುದು ಕೋರ್ಟಿನ ಮೆಟ್ಟಿಲು ಹತ್ತಿದ ಎಲ್ಲರಿಗೂ ಗೊತ್ತು. ನೆದರ್‌ಲೆಂಡ್ಸ್‌ನ ಹೇಗ್ ನಗರದ ಕೋರ್ಟಿನಲ್ಲಿ 18 ನ್ಯಾಯಾಧೀಶರಿದ್ದಾರೆ, ಪ್ರಾಸಿಕ್ಯೂಟರ್ ಕಚೇರಿಯಿದೆ, ಬಂದೀಖಾನೆಯೂ ಇದೆ. ಇಲ್ಲದಿರುವುದು ಆ ಒಬ್ಬ ಪೇದೆ.

ಹೆಸರಿನ ಗೊಂದಲ ಮೊದಲು ಬಗೆಹರಿಸಬೇಕು. ಐಸಿಸಿ ಅಂದರೆ ನಮ್ಮವರಿಗೆ ಕ್ರಿಕೆಟ್ಟೇ ನೆನಪಾಗುವುದು, ಅದು ಬೇರೆ ಮಾತು. ಹೇಗ್‌ನಲ್ಲಿ ಎರಡು ದೊಡ್ಡ ಕೋರ್ಟುಗಳಿವೆ, ಪತ್ರಿಕೆಗಳು ಎರಡನ್ನೂ ಒಂದೇ ಹೆಸರಿನಲ್ಲಿ ಕರೆದು ಬಿಡುತ್ತವೆ. ಒಂದು ಅಂತರರಾಷ್ಟ್ರೀಯ ನ್ಯಾಯಾಲಯ, ಅಂದರೆ ಐಸಿಜೆ. ಅಲ್ಲಿ ವಾದಿಯೂ ಪ್ರತಿವಾದಿಯೂ ದೇಶಗಳೇ. ನಮ್ಮ ಲೆಕ್ಕದಲ್ಲಿ ಓಎಸ್ ನಂಬರಿನ ಸಿವಿಲ್ ದಾವೆ. ಕುಲಭೂಷಣ್ ಜಾಧವ್ ವಿಚಾರದಲ್ಲಿ ಭಾರತ ಪಾಕಿಸ್ತಾನದ ವಿರುದ್ಧ 2019ರಲ್ಲಿ ತೀರ್ಪು ಪಡೆದದ್ದು ಅಲ್ಲಿ, ಮಂಗಳೂರಿನ ಬೆನಗಲ್ ನರಸಿಂಗ ರಾವ್ 1952ರಲ್ಲಿ ನ್ಯಾಯಾಧೀಶರಾಗಿ ಕೂತದ್ದೂ ಅಲ್ಲೇ. ಆ ಕೋರ್ಟು ಯಾರನ್ನೂ ಜೈಲಿಗೆ ಹಾಕುವುದಿಲ್ಲ. ಇನ್ನೊಂದು ಐಸಿಸಿ, ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ. ಇದು ಸೆಷನ್ಸ್ ಕೇಸು. ಕಟಕಟೆಯಲ್ಲಿ ನಿಲ್ಲುವುದು ದೇಶವಲ್ಲ, ಮನುಷ್ಯ. 1998ರ ಜುಲೈ 17ರಂದು ರೋಮ್‌ನಲ್ಲಿ ಇದರ ಒಪ್ಪಂದ ಮತಕ್ಕೆ ಬಂದಾಗ 120 ದೇಶಗಳು ಪರ, 7 ವಿರೋಧ, 21 ತಟಸ್ಥ. ಭಾರತ ತಟಸ್ಥರ ಸಾಲಿನಲ್ಲಿತ್ತು, ಇವತ್ತಿಗೂ ಸಹಿ ಹಾಕಿಲ್ಲ. 2002ರ ಜುಲೈ 1ರಿಂದ ಕೋರ್ಟು ಜಾರಿಯಲ್ಲಿದೆ. ಅದಕ್ಕಿಂತ ಹಿಂದಿನದನ್ನು ಅದು ಮುಟ್ಟುವಂತಿಲ್ಲ.

ಈಗ ಕಾನೂನಿನ ಅರ್ಧ. ನಮ್ಮಲ್ಲಿ ಸರ್ಕಾರಿ ಅಧಿಕಾರಿ ಕರ್ತವ್ಯದ ನೆಪದಲ್ಲಿ ಅಪರಾಧ ಮಾಡಿದರೆ ಬಿಎನ್‌ಎಸ್‌ಎಸ್ 218ನೇ ಕಲಮಿನ ಪೂರ್ವಾನುಮತಿ ಬೇಕು. ಹಳೇ 197 ಅಂದರೆ ವಕೀಲರಿಗೆ ಬೇಗ ಹೊಳೆಯುತ್ತದೆ. ರಾಷ್ಟ್ರಪತಿ, ರಾಜ್ಯಪಾಲರಿಗೆ ಅಧಿಕಾರದಲ್ಲಿರುವಷ್ಟು ದಿನ ಸಂವಿಧಾನದ 361ನೇ ವಿಧಿಯ ರಕ್ಷೆ. ರೋಮ್ ಒಪ್ಪಂದದ 27ನೇ ವಿಧಿ ಇದನ್ನೆಲ್ಲ ಒಂದೇ ಏಟಿಗೆ ಒರೆಸಿ ಹಾಕುತ್ತದೆ: ಅಧ್ಯಕ್ಷನಾಗಲಿ, ಪ್ರಧಾನಿಯಾಗಲಿ, ಹುದ್ದೆಯಿಂದ ವಿನಾಯಿತಿಯೂ ಇಲ್ಲ, ಶಿಕ್ಷೆಯಲ್ಲಿ ರಿಯಾಯಿತಿಯೂ ಇಲ್ಲ. 29ನೇ ವಿಧಿಯಂತೆ ಕಾಲಮಿತಿಯೂ ಇಲ್ಲ. ಹಾಗಾಗಿ “ದೇಶದ ನಾಯಕನನ್ನು ಕೋರ್ಟಿಗೆಳೆಯಲು ಕಾನೂನಿದೆಯಾ?” ಎಂಬ ಚರ್ಚೆ ಬಹುತೇಕ ಮುಗಿದ ಅಧ್ಯಾಯ. ಚರ್ಚೆ ಉಳಿದಿರುವುದು ಯಾವ ಜಾಗದ ಅಪರಾಧ, ಯಾರ ಕೈಯ ಸಾಕ್ಷ್ಯ, ಯಾರ ಪೇದೆ ಎಂಬ ಮೂರು ವಿಷಯಗಳಲ್ಲಿ.

ಜಾಗದ ವಿಷಯ ಬೇಗ ಹೇಳಿ ಮುಗಿಸಬಹುದು. ಅಪರಾಧ ನಡೆದ ನೆಲ ಸದಸ್ಯ ದೇಶದ್ದಾಗಿರಬೇಕು, ಇಲ್ಲವೇ ಆರೋಪಿ ಸದಸ್ಯ ದೇಶದ ಪ್ರಜೆಯಾಗಿರಬೇಕು. ಎರಡೂ ಇಲ್ಲದಿದ್ದರೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಕೇಸನ್ನು ಒಪ್ಪಿಸಬೇಕು, ಅಲ್ಲಿ ಐದು ದೇಶಗಳ ಕೈಯಲ್ಲಿ ವೀಟೋ. ಸಿರಿಯಾ ಸದಸ್ಯ ದೇಶವಲ್ಲ. 2014ರ ಮೇ 22ರಂದು ಅದನ್ನು ಕೋರ್ಟಿಗೆ ಒಪ್ಪಿಸುವ ನಿರ್ಣಯಕ್ಕೆ 13 ಮತ ಬಿದ್ದರೂ ರಷ್ಯಾ, ಚೀನಾ ವೀಟೋ ಹಾಕಿ ಮುಗಿಸಿದವು. ರಷ್ಯಾ ಸದಸ್ಯನಲ್ಲದಿದ್ದರೂ ಪುಟಿನ್ ಮೇಲೆ ವಾರಂಟ್ ಬಂದದ್ದು ನೆಲ ಉಕ್ರೇನಿನದು ಎಂಬ ಕಾರಣಕ್ಕೆ. ಉಕ್ರೇನ್ ಆಗಿನ್ನೂ ಸದಸ್ಯನಾಗಿರಲಿಲ್ಲ, ಆದರೆ 12ನೇ ವಿಧಿಯಡಿ ಘೋಷಣೆ ಕೊಟ್ಟು ಕೋರ್ಟಿನ ವ್ಯಾಪ್ತಿ ಒಪ್ಪಿಕೊಂಡಿತ್ತು. ಗಾಜಾ ಯುದ್ಧಕ್ಕಾಗಿ ವಾರಂಟ್ ಬಂದ ಇಸ್ರೇಲಿನ ನೆತನ್ಯಾಹು ವಿಷಯದಲ್ಲೂ ಇದೇ ಲೆಕ್ಕ: ಇಸ್ರೇಲ್ ಸದಸ್ಯನಲ್ಲ, ಪ್ಯಾಲೆಸ್ತೀನ್ 2015ರಿಂದ ಸದಸ್ಯ.

ಸಾಕ್ಷ್ಯದ ವಿಷಯ ಹಾಗಲ್ಲ. ದೊಡ್ಡ ದೊಡ್ಡ ಕೇಸುಗಳು ಮುಗ್ಗರಿಸಿರುವುದು ಇಲ್ಲೇ, ಟಿವಿ ಚರ್ಚೆಗಳಲ್ಲಿ ಯಾರೂ ಬಾಯಿ ಬಿಡದ ಭಾಗವೂ ಇದೇ.

ಪ್ರಾಸಿಕ್ಯೂಟರ್ ಬಳಿ ಎರಡು ಕಟ್ಟು ಇರಬೇಕು. ಮೊದಲನೆಯದು ಏನಾಯಿತು ಎಂಬುದರ ಕಟ್ಟು. ಎರಡನೆಯದು ಯಾರ ಮಾತಿನಿಂದ ಆಯಿತು ಎಂಬುದರ ಕಟ್ಟು. ಮೊದಲನೆಯದೇ ಎಷ್ಟು ಕಷ್ಟ ಎನ್ನಲು ಬೋಸ್ನಿಯಾದ ಸರಾಯೆವೊ ನಗರದ ಮಾರ್ಕಲೆ ಸಂತೆ ನೋಡಿ. ಕೋಲಾರದ ಟೊಮೆಟೊ ಮಂಡಿಯಷ್ಟು ದೊಡ್ಡದಲ್ಲ, ಕಟ್ಟಡಗಳ ನಡುವಿನ ಸಣ್ಣ ಬಯಲು. 1994ರ ಫೆಬ್ರವರಿ 5ರಂದು ಅಲ್ಲಿ 120 ಮಿಲಿಮೀಟರಿನ ಒಂದೇ ಒಂದು ಮಾರ್ಟರ್ ಷೆಲ್ ಬಿತ್ತು, 68 ಜನ ಸತ್ತರು. ಹಾರಿಸಿದವರು ಯಾರು? ಊರಿನ ಸುತ್ತ ಇದ್ದ ಸರ್ಬ್ ಸೇನೆಯೋ, ಒಳಗಿದ್ದವರೋ? ಮಹಜರಿನ ಮಾದರಿಯಲ್ಲಿ ಕುಳಿಯನ್ನು ಅಳೆದರು. ಡಾಂಬರಿನ ಮೇಲೆ ಚೂರುಗಳು ಎರಚಿದ ಗುರುತಿನಿಂದ ಷೆಲ್ ಬಂದ ದಿಕ್ಕು. ಕುಳಿಯ ಓರೆಯಿಂದ ಬಿದ್ದ ಕೋನ. ಬಾಲದ ರೆಕ್ಕೆ ನೆಲದೊಳಗೆ ಎಷ್ಟು ಇಳಿದಿತ್ತು ಎಂಬುದರಿಂದ ಬಿದ್ದ ವೇಗ. ಈ ಮೂರನ್ನೂ ಕೂಡಿಸಿದರೆ ಎಷ್ಟು ದೂರದಿಂದ ಬಂತು ಎಂಬ ಅಂದಾಜು. ಆ ರೆಕ್ಕೆಯನ್ನು ನೆಲದಿಂದ ಕಿತ್ತಾಗ ಆಳದ ಅಳತೆ ಕೆಟ್ಟಿತೇ ಎಂಬುದೇ ವಾದದ ದೊಡ್ಡ ವಿಷಯವಾಯಿತು. ಐಸಿಸಿಗಿಂತ ಹಿಂದಿನ ಈ ಕೇಸು ನಡೆದದ್ದು ಯುಗೋಸ್ಲಾವಿಯಾ ಯುದ್ಧಗಳಿಗೆಂದೇ ಹೇಗ್‌ನಲ್ಲಿ ಸ್ಥಾಪಿಸಿದ್ದ ಬೇರೆ ನ್ಯಾಯಮಂಡಳಿಯಲ್ಲಿ. ನ್ಯಾಯಾಧೀಶರಲ್ಲೇ ಒಮ್ಮತ ಇರಲಿಲ್ಲ, ಬಹುಮತದ ತೀರ್ಪು ಬಂತು. ಮುತ್ತಿಗೆ ಹಾಕಿದ್ದ ಪಡೆಯ ದಂಡನಾಯಕ ಸ್ಟಾನಿಸ್ಲಾವ್ ಗಾಲಿಚ್‌ಗೆ ಮುತ್ತಿಗೆಯ ಒಟ್ಟು ಕೃತ್ಯಗಳಿಗಾಗಿ 2003ರಲ್ಲಿ 20 ವರ್ಷ, ಅಪೀಲಿನಲ್ಲಿ 2006ಕ್ಕೆ ಜೀವಾವಧಿ ಆಯಿತು.

ಇನ್ನೊಂದು ಮಾತು ಖಾರವಾಗಿಯೇ ಹೇಳಬೇಕು: ನಾಗರಿಕರು ಸತ್ತರು ಎಂದ ಮಾತ್ರಕ್ಕೆ ಯುದ್ಧಾಪರಾಧ ರುಜುವಾಗುವುದಿಲ್ಲ. ಬೇಕೆಂದೇ ನಾಗರಿಕರಿಗೆ ಗುರಿಯಿಟ್ಟರೆ ಅಪರಾಧ. ಸೈನಿಕ ಗುರಿ ಇತ್ತು ಎಂದಾದರೆ, ಸಿಗುವ ಸೈನಿಕ ಲಾಭಕ್ಕೆ ಹೋಲಿಸಿದಾಗ ಜನರ ಸಾವುನೋವು ಎದ್ದು ಕಾಣುವಷ್ಟು ವಿಪರೀತವಾಗಿತ್ತು, ಆಜ್ಞೆ ಕೊಟ್ಟವನಿಗೆ ಅದು ಆಗಲೇ ಗೊತ್ತಿತ್ತು ಎಂದು ತೋರಿಸಬೇಕು. ನೋಡುವುದು ಬಾಂಬು ಹಾಕುವ ಗಳಿಗೆಯಲ್ಲಿ ಅವನ ಮೇಜಿನ ಮೇಲಿದ್ದ ಮಾಹಿತಿ. ಬಾಂಬು ಬಿದ್ದ ಮೇಲೆ ನಮಗೆ ಕಂಡದ್ದಲ್ಲ.

ಎರಡನೇ ಕಟ್ಟಿಗೆ ಬಂದರೆ ಮೆಟ್ಟಿಲು ಇನ್ನೂ ಕಡಿದು. ಸಿಪಾಯಿಯಿಂದ ಅಧ್ಯಕ್ಷನವರೆಗೆ ಏಳೆಂಟು ಹಂತ, ಯಾವನೂ “ಸಂತೆಯ ಮೇಲೆ ಷೆಲ್ ಹಾಕಿ” ಎಂದು ಕಾಗದದಲ್ಲಿ ಬರೆಯುವುದಿಲ್ಲ. ಅದಕ್ಕೇ 28ನೇ ವಿಧಿ: ಕೈಕೆಳಗಿನವರ ಅಪರಾಧ ಗೊತ್ತಿದ್ದೂ, ಅಥವಾ ಗೊತ್ತಿರಬೇಕಾಗಿದ್ದೂ, ತಡೆಯದ, ಶಿಕ್ಷಿಸದ ಸೇನಾಧಿಕಾರಿಯೂ ಹೊಣೆ. ಸಿವಿಲ್ ನಾಯಕನಿಗೆ ಅಳತೆಗೋಲು ಇನ್ನೂ ಬಿಗಿ. “ಗೊತ್ತಿರಬೇಕಾಗಿತ್ತು” ಎಂದರೆ ಸಾಲದು, ಎದುರಿಗಿದ್ದ ಸ್ಪಷ್ಟ ಮಾಹಿತಿಯನ್ನು ಬೇಕಂತಲೇ ಕಡೆಗಣಿಸಿದ ಎಂದು ತೋರಿಸಬೇಕು. ಕಾಂಗೋದ ಮಾಜಿ ಉಪಾಧ್ಯಕ್ಷ ಜಾನ್ ಪಿಯೆರ್ ಬೆಂಬಾಗೆ 2016ರಲ್ಲಿ ಇದೇ ವಿಧಿಯಡಿ 18 ವರ್ಷ ಶಿಕ್ಷೆಯಾಯಿತು. 2018ರ ಜೂನ್ 8ರಂದು ಅಪೀಲು ಪೀಠ ಖುಲಾಸೆ ಮಾಡಿತು: ಬೇರೆ ದೇಶದಲ್ಲಿದ್ದ ಪಡೆಯನ್ನು ದೂರದಿಂದ ಹತೋಟಿಗೆ ತರಲು ಅವನಿಂದ ಎಷ್ಟು ಸಾಧ್ಯವಿತ್ತು ಎಂಬುದನ್ನು ಕೆಳ ಪೀಠ ಸರಿಯಾಗಿ ತೂಗಿಲ್ಲ ಎಂದು. ಐವರಿ ಕೋಸ್ಟ್‌ನ ಮಾಜಿ ಅಧ್ಯಕ್ಷ ಲೊರಾಂ ಬಾಗ್ಬೊ 2011ರಿಂದ ಬಂದಿಯಾಗಿದ್ದವನು. ಪ್ರಾಸಿಕ್ಯೂಷನ್ ಸಾಕ್ಷಿ ಮುಗಿದ ಮೇಲೆ, ಪ್ರತಿವಾದ ಶುರುವಾಗುವ ಮೊದಲೇ, 2019ರ ಜನವರಿಯಲ್ಲಿ ಖುಲಾಸೆಯಾದ. ಸತ್ತವರು ಸುಳ್ಳಲ್ಲ, ಎರಡನೇ ಕಟ್ಟು ತೆಳುವಾಗಿತ್ತು.

ಈ ಏಟುಗಳಿಂದ ಪ್ರಾಸಿಕ್ಯೂಟರ್ ಕಚೇರಿ ಪಾಠ ಕಲಿತಂತಿದೆ. ಉಕ್ರೇನಿನಲ್ಲಿ ಬಿದ್ದ ಕ್ಷಿಪಣಿಗಳ ಲೆಕ್ಕವಿಲ್ಲ, ಆದರೂ 2023ರ ಮಾರ್ಚ್ 17ರ ವಾರಂಟ್ ಯಾವುದಕ್ಕೆ? ಮಕ್ಕಳನ್ನು ಆಕ್ರಮಿತ ಪ್ರದೇಶದಿಂದ ರಷ್ಯಾಕ್ಕೆ ಸಾಗಿಸಿದ್ದಕ್ಕೆ. ಕಾರಣ ಸರಳ. ಉಕ್ರೇನಿನ ಅನಾಥ ಮಕ್ಕಳಿಗೆ ರಷ್ಯಾ ಪೌರತ್ವ ಸುಲಭಗೊಳಿಸುವ 2022ರ ಮೇ ತಿಂಗಳ ಆದೇಶಕ್ಕೆ ಪುಟಿನ್ ಅವರದೇ ಸಹಿ ಇದೆ, ಮಕ್ಕಳ ಹಕ್ಕುಗಳ ಕಮಿಷನರ್ ಜೊತೆ ಕೂತು ಮಾತಾಡಿದ ವಿಡಿಯೊ ಅಲ್ಲಿನ ಟಿವಿಯಲ್ಲೇ ಬಂದಿದೆ. ಏಳೆಂಟು ಹಂತ ಏರುವ ಕೆಲಸವೇ ಇಲ್ಲ. 2024ರ ನವೆಂಬರ್ 21ರಂದು ನೆತನ್ಯಾಹು ಮತ್ತು ಮಾಜಿ ರಕ್ಷಣಾ ಸಚಿವ ಗ್ಯಾಲಂಟ್ ಮೇಲಿನ ವಾರಂಟಿನಲ್ಲೂ ಮುಂದಿರುವುದು ಹಸಿವನ್ನು ಯುದ್ಧದ ಅಸ್ತ್ರವಾಗಿ ಬಳಸಿದ ಆರೋಪ. ಗಾಜಾಕ್ಕೆ ಆಹಾರ, ನೀರು, ವಿದ್ಯುತ್ ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುವುದು ಯಾವುದೋ ಕ್ಯಾಪ್ಟನ್ ಅಲ್ಲ, ಸರ್ಕಾರ. ಮೇಲಿನವನು ಮಾತ್ರ ಮಾಡಬಲ್ಲ ಅಪರಾಧವನ್ನು ಆರಿಸಿಕೊಂಡರೆ ಮೇಲಿನವನನ್ನು ತಲುಪುವುದು ಸುಲಭ. ಜಾಣತನದ ಆಯ್ಕೆ ಅನ್ನುವುದು ನನ್ನ ಅಭಿಪ್ರಾಯ. ಬಾಂಬಿಗೆ ಸತ್ತವರ ಮನೆಯವರಿಗೆ ಇದು ಸಮಾಧಾನ ಕೊಡುವ ಮಾತಲ್ಲ ಎಂಬುದೂ ಗೊತ್ತಿದೆ.

ಕಾಗದ ಇಲ್ಲದ ಕಡೆ ಸಾಕ್ಷಿಗಳೇ ಗತಿ, ಅಲ್ಲಿ ಏನಾಗುತ್ತದೆ ಎಂದು ಈ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಆರೋಪಿ ಅದೇ ಊರಿನಲ್ಲಿ ಬಲವಾಗಿದ್ದರೆ ಸಾಕ್ಷಿಯ ನಾಲಿಗೆ ಎಷ್ಟು ದಿನ ನೆಟ್ಟಗಿದ್ದೀತು? ಕೀನ್ಯಾದ ಉಹುರು ಕೆನ್ಯಾಟ ಕೇಸಿನಲ್ಲಿ ಆರೋಪಿ ಊರಿನ ಗೌಡನಲ್ಲ, ದೇಶದ ಅಧ್ಯಕ್ಷ. ಆರೋಪ ಹೊತ್ತಿದ್ದಾಗಲೇ 2013ರ ಚುನಾವಣೆ ಗೆದ್ದ. 2014ರ ಅಕ್ಟೋಬರ್ 8ರಂದು ಹೇಗ್‌ಗೆ ಬಂದು ಹಾಜರಾದ. ಅಧಿಕಾರದಲ್ಲಿದ್ದ ರಾಷ್ಟ್ರಾಧ್ಯಕ್ಷನೊಬ್ಬ ಆ ಕೋರ್ಟಿನಲ್ಲಿ ಕೂತದ್ದು ಅದೇ ಮೊದಲು. ಎರಡೇ ತಿಂಗಳಿಗೆ ಪ್ರಾಸಿಕ್ಯೂಟರ್ ಆರೋಪ ಹಿಂತೆಗೆದುಕೊಂಡರು. ಸಾಕ್ಷಿಗಳು ಒಬ್ಬೊಬ್ಬರಾಗಿ ಜಾರಿಕೊಂಡಿದ್ದರು, ಕೇಳಿದ ದಾಖಲೆಗಳನ್ನು ಕೀನ್ಯಾ ಸರ್ಕಾರ ಕೊಡಲಿಲ್ಲ. ಕೊಡಬೇಕಾದ ಸರ್ಕಾರದ ಮುಖ್ಯಸ್ಥನೇ ಆರೋಪಿಯಾಗಿದ್ದ! ಹೇಗ್‌ನಲ್ಲಿ ಸಾಕ್ಷಿಗೆ ಹೆಸರಿನ ಬದಲು ನಂಬರ್ ಕೊಡುತ್ತಾರೆ, ಮುಖ, ದನಿ ಮರೆಮಾಡುತ್ತಾರೆ, ಬೇಕಾದರೆ ಬೇರೆ ದೇಶಕ್ಕೆ ಸಾಗಿಸುತ್ತಾರೆ. ಊರಲ್ಲಿ ಉಳಿದ ಅಣ್ಣ ತಮ್ಮಂದಿರನ್ನೆಲ್ಲ ಸಾಗಿಸಲಾಗುವುದಿಲ್ಲ.

ಫೋನಿನ ವಿಡಿಯೊ ತಿರುಗಿಬೀಳುವುದಿಲ್ಲ ಎಂಬ ಭರವಸೆಯಿಂದ ಈಗ ಅದರ ಬೆನ್ನು ಹತ್ತಿದ್ದಾರೆ. ಲಿಬಿಯಾದ ಮಹಮೂದ್ ಅಲ್ ವೆರ್ಫಲಿ ಮೇಲೆ 2017ರಲ್ಲಿ ಹೊರಟ ವಾರಂಟ್ ಬಹುಪಾಲು ಸಾಮಾಜಿಕ ಜಾಲತಾಣದ ವಿಡಿಯೊಗಳ ಮೇಲೆ ನಿಂತಿತ್ತು: 7 ಘಟನೆ, 33 ಹತ್ಯೆ. ನಮ್ಮ ಸಾಕ್ಷ್ಯ ಕಾನೂನಿನಲ್ಲಿ ಡಿಜಿಟಲ್ ದಾಖಲೆಗೆ ಬೇಕಾದ ಹಳೇ 65ಬಿ, ಈಗಿನ 63ನೇ ಕಲಮಿನ ಪ್ರಮಾಣಪತ್ರದ ತಲೆನೋವು ಅಲ್ಲಿಯೂ ಇದೆ. ವಾಟ್ಸಾಪಿನಲ್ಲಿ ಫಾರ್ವರ್ಡ್ ಆದ ವಿಡಿಯೊದಲ್ಲಿ ತೆಗೆದ ಸಮಯ, ಸ್ಥಳದ ಮಾಹಿತಿ ಅಳಿಸಿಹೋಗುತ್ತದೆ. ಮೂಲ ಫೈಲು, ಅದರ ಹ್ಯಾಷ್ ಸಂಖ್ಯೆ (ಫೈಲಿನ ಬೆರಳಚ್ಚಿನಂಥದ್ದು), ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ದಾಖಲೆ ಬೇಕು. ಹಿನ್ನೆಲೆಯಲ್ಲಿ ಕಾಣುವ ಕಟ್ಟಡವನ್ನು ಉಪಗ್ರಹ ಚಿತ್ರದೊಂದಿಗೆ ತಾಳೆ ಹಾಕಿದರೆ ಜಾಗ ಗಟ್ಟಿಯಾಗುತ್ತದೆ. ವೆರ್ಫಲಿ ಮಾತ್ರ ಕೋರ್ಟು ಕಾಣಲೇ ಇಲ್ಲ, 2021ರಲ್ಲಿ ಬೆಂಗಾಜಿಯಲ್ಲಿ ಗುಂಡಿಗೆ ಬಲಿಯಾದ.

ಈಗ ಪೇದೆಯ ವಿಷಯ. ಸದಸ್ಯ ದೇಶಗಳಿಗೆ ವಾರಂಟ್ ಜಾರಿ ಮಾಡುವ ಕರ್ತವ್ಯ ಇದೆ, ಮಾಡದಿದ್ದರೆ 87ನೇ ವಿಧಿಯಡಿ “ಸಹಕರಿಸಲಿಲ್ಲ” ಎಂಬ ಆದೇಶ ಬರುತ್ತದೆ, ಅಷ್ಟೇ. 2024ರ ಸೆಪ್ಟೆಂಬರ್‌ನಲ್ಲಿ ಪುಟಿನ್ ಸದಸ್ಯ ದೇಶ ಮಂಗೋಲಿಯಾಕ್ಕೆ ಹೋಗಿ ಕೆಂಪು ಹಾಸಿನ ಮೇಲೆ ನಡೆದು ಬಂದರು. ಮರು ತಿಂಗಳು ಮಂಗೋಲಿಯಾ ತಪ್ಪು ಮಾಡಿತೆಂದು ಆದೇಶವಾಯಿತು. ದಾರ್ಫುರ್ ಪ್ರಾಂತ್ಯದ ಹತ್ಯೆಗಳಿಗಾಗಿ ಇದೇ ಕೋರ್ಟಿನ ವಾರಂಟ್ ಹೊತ್ತಿದ್ದ ಸುಡಾನಿನ ಆಗಿನ ಅಧ್ಯಕ್ಷ ಒಮರ್ ಅಲ್ ಬಶೀರ್ 2015ರ ಜೂನ್‌ನಲ್ಲಿ ದಕ್ಷಿಣ ಆಫ್ರಿಕಾದಲ್ಲಿದ್ದಾಗ ದೇಶ ಬಿಡಬಾರದೆಂದು ಪ್ರಿಟೋರಿಯಾ ಹೈಕೋರ್ಟು ಆದೇಶಿಸಿತ್ತು, ಆತ ಸೇನಾ ವಿಮಾನ ನಿಲ್ದಾಣದಿಂದ ಹಾರಿಹೋದ. ಅದೇ ಅಕ್ಟೋಬರ್‌ನಲ್ಲಿ ಭಾರತ ಆಫ್ರಿಕಾ ಶೃಂಗಸಭೆಗೆಂದು ದೆಹಲಿಗೂ ಬಂದಿದ್ದ. ಭಾರತಕ್ಕೆ ಒಪ್ಪಂದದ ಬಾಧ್ಯತೆ ಇಲ್ಲ. ದಾರ್ಫುರ್ ಕುರಿತ ಭದ್ರತಾ ಮಂಡಳಿ ನಿರ್ಣಯವೂ ಸದಸ್ಯರಲ್ಲದವರಿಗೆ ಸಹಕರಿಸಿ ಎಂದು ಒತ್ತಾಯಿಸಿತ್ತೇ ಹೊರತು ಆಜ್ಞೆ ಮಾಡಿರಲಿಲ್ಲ. ಟೀ ಅಂಗಡಿಯ ಪ್ರಶ್ನೆಗೆ ನೇರ ಉತ್ತರ ಇದು: ಹೇಗ್‌ನ ವಾರಂಟ್ ದೆಹಲಿಯ ಠಾಣೆಗೆ ಬರುವುದೇ ಇಲ್ಲ.

ಹಾಗೆಂದು ಅದು ಬರೀ ಕಾಗದವೂ ಅಲ್ಲ. 2023ರಲ್ಲಿ ಜೋಹಾನ್ಸ್‌ಬರ್ಗ್‌ನ ಬ್ರಿಕ್ಸ್ ಸಭೆಗೆ ಪುಟಿನ್ ಖುದ್ದಾಗಿ ಹೋಗಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿಗೆ ಹೊರಟ ನೆತನ್ಯಾಹು ವಿಮಾನ ಫ್ರಾನ್ಸ್, ಸ್ಪೇನ್ ಆಕಾಶ ಬಿಟ್ಟು ಜಿಬ್ರಾಲ್ಟರ್ ಜಲಸಂಧಿಯ ಮೇಲೆ ಸುತ್ತುಬಳಸಿ ಹೋಯಿತು.

ಸಿಕ್ಕಿಬಿದ್ದವರ ಪಟ್ಟಿ ನೋಡಿದರೆ ಒಂದು ಅಂಶ ಎದ್ದು ಕಾಣುತ್ತದೆ. ಯುಗೋಸ್ಲಾವಿಯಾದ ಮಾಜಿ ಅಧ್ಯಕ್ಷ ಮಿಲೊಸೆವಿಚ್‌ನನ್ನು 2001ರ ಜೂನ್ 28ರಂದು ಹೇಗ್‌ನ ಆ ಯುಗೋಸ್ಲಾವಿಯಾ ನ್ಯಾಯಮಂಡಳಿಗೆ ಕಳಿಸಿದ್ದು ಅವನ ನಂತರ ಬಂದ ಸರ್ಬಿಯಾ ಸರ್ಕಾರವೇ, ಪಾಶ್ಚಾತ್ಯ ನೆರವಿನ ಹಣದ ಮೇಲೆ ಕಣ್ಣಿಟ್ಟು. ಲೈಬೀರಿಯಾದ ಮಾಜಿ ಅಧ್ಯಕ್ಷ ಚಾರ್ಲ್ಸ್ ಟೇಲರ್ ನೈಜೀರಿಯಾದಲ್ಲಿ ಆಶ್ರಯ ಪಡೆದಿದ್ದ. 2006ರಲ್ಲಿ ಲೈಬೀರಿಯಾದ ಹೊಸ ಅಧ್ಯಕ್ಷೆ ಕೇಳಿದ ಮೇಲೆ ಆಶ್ರಯ ಮುಗಿಯಿತು, 2012ರಲ್ಲಿ ಸಿಯೆರಾ ಲಿಯೋನ್‌ಗಾಗಿ ಇದ್ದ ವಿಶೇಷ ನ್ಯಾಯಾಲಯದಿಂದ 50 ವರ್ಷ ಶಿಕ್ಷೆಯಾಯಿತು, ಈಗ ಬ್ರಿಟನ್ನಿನ ಜೈಲಿನಲ್ಲಿದ್ದಾನೆ. ಫಿಲಿಪೈನ್ಸ್‌ನ ಮಾಜಿ ಅಧ್ಯಕ್ಷ ಡುಟರ್ಟೆ ಮೇಲಿನ ಆರೋಪ ಯುದ್ಧಾಪರಾಧವಲ್ಲ, ಮಾದಕ ವಸ್ತು ಕಾರ್ಯಾಚರಣೆಯ ಹತ್ಯೆಗಳು, ಆದರೂ ಕ್ರಮ ಗಮನಿಸಿ. 2019ರಲ್ಲೇ ದೇಶವನ್ನು ಕೋರ್ಟಿನ ಸದಸ್ಯತ್ವದಿಂದ ಹೊರತಂದಿದ್ದ. ಸದಸ್ಯತ್ವ ಇದ್ದ ಕಾಲದ ಕೃತ್ಯಗಳಿಗೆ ಅದು ರಕ್ಷೆಯಾಗಲಿಲ್ಲ. ಮಗಳು ಸಾರಾ ಹಾಗೂ ಅಧ್ಯಕ್ಷ ಮಾರ್ಕೋಸ್ 2022ರ ಚುನಾವಣೆಯಲ್ಲಿ ಜೊತೆಯಾಗಿದ್ದವರು, ಆಮೇಲೆ ಎರಡೂ ಮನೆತನಕ್ಕೆ ಹಗೆ ಬೆಳೆಯಿತು. 2025ರ ಮಾರ್ಚ್ 7ರಂದು ಗುಟ್ಟಾಗಿ ವಾರಂಟ್, 11ರಂದು ಹಾಂಗ್‌ಕಾಂಗ್‌ನಿಂದ ಇಳಿಯುತ್ತಿದ್ದಂತೆ ಮನಿಲಾ ವಿಮಾನ ನಿಲ್ದಾಣದಲ್ಲಿ ಬಂಧನ, ಅದೇ ರಾತ್ರಿ ವಿಮಾನ. ಅಂತರರಾಷ್ಟ್ರೀಯ ಕೋರ್ಟಿಗೆ ಒಪ್ಪಿಸಲು ಅವಕಾಶ ಕೊಡುವ 2009ರ ಕಾಯ್ದೆಯೊಂದು ಆ ದೇಶದಲ್ಲೇ ಇತ್ತು, ಹಿಡಿದದ್ದು ಅಲ್ಲಿನ ಪೊಲೀಸರೇ. ಪೇದೆ ಯಾವಾಗಲೂ ಊರಿನವನೇ. ಬಶೀರ್ ಕೂಡ 2019ರಲ್ಲಿ ಪದಚ್ಯುತನಾದ, ಆದರೆ ಅವನ ನಂತರ ಬಂದ ಸೇನಾಧಿಕಾರಿಗಳು ಒಪ್ಪಿಸಲಿಲ್ಲ. ದಾರ್ಫುರ್ ಕಡತ ತೆರೆದರೆ ಅವರ ಹೆಸರೂ ಹೊರಬರುವ ಭಯ ಇರಬಹುದು.

ಆಸಾಮಿ ಇಲ್ಲದೆಯೇ ವಿಚಾರಣೆ ಮುಗಿಸಬಾರದೇ? ನಮ್ಮ ಬಿಎನ್‌ಎಸ್‌ಎಸ್ 356ನೇ ಕಲಮಿನಲ್ಲಿ ಗಂಭೀರ ಅಪರಾಧದ ಘೋಷಿತ ಅಪರಾಧಿ ಬಾರದಿದ್ದರೂ ತೀರ್ಪು ಕೊಡಲು ದಾರಿಯಿದೆ. ರೋಮ್ ಒಪ್ಪಂದದ 63ನೇ ವಿಧಿ ಅದಕ್ಕೆ ಒಪ್ಪುವುದಿಲ್ಲ. ಉಗಾಂಡಾದ ಬಂಡುಕೋರ ಜೋಸೆಫ್ ಕೋನಿ ಮೇಲಿನ ವಾರಂಟ್ 2005ರದ್ದು. 20 ವರ್ಷದ ನಂತರ, 2025ರ ಸೆಪ್ಟೆಂಬರ್‌ನಲ್ಲಿ, ಅವನ ಗೈರುಹಾಜರಿಯಲ್ಲಿ ಆರೋಪ ದೃಢೀಕರಿಸುವ ವಿಚಾರಣೆ ನಡೆಯಿತು. ಅದರಾಚೆಗೆ ಟ್ರಯಲ್ ನಡೆಯಲು ಅವನು ಸಿಗಲೇಬೇಕು.

ದೊಡ್ಡವರ ವಿಷಯ ಬೇರೆ. ಅಮೆರಿಕ 2025ರ ಫೆಬ್ರವರಿಯಲ್ಲಿ ಪ್ರಾಸಿಕ್ಯೂಟರ್ ಕರೀಂ ಖಾನ್ ಮೇಲೆ, ಆಮೇಲೆ ನ್ಯಾಯಾಧೀಶರ ಮೇಲೂ ನಿರ್ಬಂಧ ಹಾಕಿತು. ವಾರಂಟ್ ಬರೆದ ಜಡ್ಜಿಗೇ ಬ್ಯಾಂಕ್ ಖಾತೆಯ ಚಿಂತೆ ಹತ್ತಿಸುವ ಉಪಾಯ ಇದು. ಇದೇ ಅಮೆರಿಕದೊಂದಿಗೆ ಭಾರತ 2002ರ ಡಿಸೆಂಬರ್ 26ರಂದು ಒಂದು ಒಪ್ಪಂದ ಮಾಡಿಕೊಂಡಿದೆ: ಒಬ್ಬರ ಪ್ರಜೆಯನ್ನು ಇನ್ನೊಬ್ಬರು ಒಪ್ಪಿಗೆಯಿಲ್ಲದೆ ಇಂಥ ಕೋರ್ಟಿಗೆ ಕೊಡುವಂತಿಲ್ಲ.

“ಹೇಗ್ ಬೇಡ, ನಮ್ಮ ಕೋರ್ಟಿನಲ್ಲೇ ಒಂದು ಪಿಸಿಆರ್ (ಖಾಸಗಿ ದೂರು) ಹಾಕಿದರೆ?” ಎನ್ನುವ ಉತ್ಸಾಹಿಗಳೂ ಇದ್ದಾರೆ. ಮೊದಲನೆಯದು, ಅಧಿಕಾರದಲ್ಲಿರುವ ವಿದೇಶಿ ಅಧ್ಯಕ್ಷ, ಪ್ರಧಾನಿ, ವಿದೇಶಾಂಗ ಸಚಿವರಿಗೆ ಬೇರೆ ದೇಶದ ಮಾಮೂಲಿ ಕೋರ್ಟುಗಳಿಂದ ರಕ್ಷೆ ಇದೆ. ಐಸಿಜೆ 2002ರಲ್ಲಿ ಕಾಂಗೋ ಮತ್ತು ಬೆಲ್ಜಿಯಂ ಕೇಸಿನಲ್ಲಿ ವಿದೇಶಾಂಗ ಸಚಿವನೊಬ್ಬನ ವಿಷಯದಲ್ಲಿ ಹಾಗೆ ಹೇಳಿದೆ. ಎರಡನೆಯದು, ನರಮೇಧ ಎಂಬ ಅಪರಾಧವೇ ನಮ್ಮ ದಂಡ ಸಂಹಿತೆಯಲ್ಲಿಲ್ಲ. 1984ರ ಸಿಖ್ ಹತ್ಯೆಗಳ ಸಜ್ಜನ್ ಕುಮಾರ್ ತೀರ್ಪಿನಲ್ಲಿ ದೆಹಲಿ ಹೈಕೋರ್ಟು 2018ರಲ್ಲಿ ಈ ಕೊರತೆಯನ್ನು ಬಿಡಿಸಿ ಬರೆದಿದೆ. ಯುದ್ಧಾಪರಾಧಕ್ಕೆ 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಇದೆ, ಗಂಭೀರ ಉಲ್ಲಂಘನೆಯನ್ನು ಯಾರು ಎಲ್ಲೇ ಮಾಡಿದರೂ ಶಿಕ್ಷೆ ಎನ್ನುತ್ತದೆ. ಓದಲು ಚೆನ್ನಾಗಿದೆ. 17ನೇ ಕಲಮಿಗೆ ಬಂದಾಗ ಸರ್ಕಾರ ಅಥವಾ ಅದು ನೇಮಿಸಿದ ಅಧಿಕಾರಿ ದೂರು ಕೊಟ್ಟರೆ ಮಾತ್ರ ಕೋರ್ಟು ಗಮನಕ್ಕೆ ತೆಗೆದುಕೊಳ್ಳಬೇಕು ಎಂದಿದೆ. ಖಾಸಗಿ ದೂರು ನಂಬರೇ ಆಗುವುದಿಲ್ಲ, ಶಿರಸ್ತೇದಾರರ ಮೇಜಿನಿಂದಲೇ ವಾಪಸ್.